ಹತ್ತು ತಿಂಗಳು ಮಲಗಿದ್ದ ಎಂಜಿನು

ಆಳಂದದ ತೊಗರಿಯ ಹೊಲದಲ್ಲಾಗಲಿ, ಅಫಜಲಪುರ, ಜೇವರ್ಗಿಗಳ ಭೀಮಾ ತೀರದಲ್ಲಾಗಲಿ, ಹತ್ತು ತಿಂಗಳು ಮುಟ್ಟದೆ ಬಿಟ್ಟ ನೀರೆತ್ತುವ ಎಂಜಿನು ಹ್ಯಾಂಡಲ್ ತಿರುವಿದೊಡನೆ ಓಡೀತೆಂದು ಯಾವ ರೈತನೂ ನಂಬಲಾರ. ಎಣ್ಣೆ ಹಾಕಬೇಕು, ಬಿಚ್ಚಿ ನೋಡಬೇಕು, ಮಿಸ್ತ್ರಿಯನ್ನು ಕರೆಸಬೇಕು. ಯಾವ ಮಿಸ್ತ್ರಿಯೂ ಹೋಗಲಾರದ ಎಡೆಯಲ್ಲಿ, ಭೂಮಿಯಿಂದ 22 ಕೋಟಿ ಕಿಲೋಮೀಟರು ದೂರದಲ್ಲಿ, ಇಂತಹುದೇ ಪರೀಕ್ಷೆ ಭಾರತದ ಎಂಜಿನೊಂದಕ್ಕೆ ಒದಗಿತ್ತು.

2013ರ ನವೆಂಬರ್ 5ರಂದು ಮಂಗಳಯಾನ ಶ್ರೀಹರಿಕೋಟೆಯಿಂದ ಹೊರಟಿತು. ಅದನ್ನು ಮೇಲೊಯ್ದ ರಾಕೆಟ್ಟಿನ ಕೆಲಸ ಮುಕ್ಕಾಲು ಗಂಟೆಯೊಳಗೆ ಮುಗಿಯಿತು. ಮುಂದಿನ ಹೊಣೆಯೆಲ್ಲ ನೌಕೆಯ ಹೊಟ್ಟೆಯಲ್ಲಿದ್ದ ಪುಟ್ಟ ದ್ರವ ಎಂಜಿನಿನದು. ಅದರ ಬಲ 440 ನ್ಯೂಟನ್. ನೆಲದ ಮೇಲಾದರೆ ಒಂದು ಕ್ವಿಂಟಾಲ್ ತೊಗರಿಯಲ್ಲಿ ಅರ್ಧವನ್ನೂ ಎತ್ತಲಾರದು! ಗಾಳಿಯ ತಡೆಯಿಲ್ಲದ ಅಂತರಿಕ್ಷದಲ್ಲಿ ಅಷ್ಟೇ ಬಲ ನಿಮಿಷಗಟ್ಟಲೆ ಒತ್ತಿದರೆ ಸಾಕು. ಅದಕ್ಕೆ ಕಿಡಿಯೂ ಬೇಡ. ಹೀಲಿಯಂ ಅನಿಲದ ಒತ್ತಡದಿಂದ ಹರಿದುಬರುವ ಎರಡು ದ್ರವಗಳು ಪರಸ್ಪರ ಸೋಕಿದೊಡನೆ ತಾವಾಗಿಯೇ ಉರಿಯುತ್ತವೆ.

ಈ ಗುಣದಲ್ಲಿಯೇ ಅಪಾಯವೂ ಅಡಗಿದೆ. 1993ರ ಆಗಸ್ಟಿನಲ್ಲಿ ಅಮೆರಿಕದ ‘ಮಾರ್ಸ್ ಅಬ್ಸರ್ವರ್’ ನೌಕೆ ಮಂಗಳಕ್ಕೆ ಮೂರು ದಿನದ ಹಾದಿಯಿರುವಾಗ, ತೊಟ್ಟಿಗಳಿಗೆ ಒತ್ತಡ ಕೊಡುವ ಹೊತ್ತಿನಲ್ಲಿ, ಶಾಶ್ವತವಾಗಿ ಮೌನವಾಯಿತು. ದೀರ್ಘ ಪಯಣದಲ್ಲಿ ಕವಾಟಗಳಿಂದ ಸೋರಿದ ದ್ರವ ನಳಿಕೆಯಲ್ಲಿ ಬೆರೆತು ಅದನ್ನು ಒಡೆದಿರಬೇಕೆಂಬುದು ತನಿಖಾ ಮಂಡಳಿಯ ಊಹೆ.

ಇಸ್ರೋದ ಈ ಎಂಜಿನು ಹಿಂದೆ ಹೆಚ್ಚಾಗಿ ದುಡಿದದ್ದು ಭೂಮಿಯ ಉಪಗ್ರಹಗಳಲ್ಲಿ. ಅಲ್ಲಿ ಕೆಲವು ದಿನಗಳಲ್ಲಿ ಕೆಲಸ ಮುಗಿಸಿದರೆ ಮತ್ತೆ ಏಳಬೇಕಾದ್ದಿಲ್ಲ. ಇಲ್ಲಿಯೋ, 2013ರ ಡಿಸೆಂಬರ್ 1ರಂದು ನೌಕೆಯನ್ನು ಮಂಗಳದ ದಾರಿಗೆ ಹಚ್ಚಿ ಮಲಗಿದ್ದು ಸುಮಾರು 300 ದಿನಗಳ ಬಳಿಕ ಏಳಬೇಕು. ಆದುದರಿಂದ ವಿಜ್ಞಾನಿಗಳು ಹಳೆಯ ಕವಾಟಗಳನ್ನು ನೆಚ್ಚದೆ, ಎರಡನೆಯ ಎಚ್ಚರಿಕೆಗೆಂದೇ ಬೇರೆ ನಳಿಕೆಗಳನ್ನೂ ಕವಾಟಗಳನ್ನೂ ಇರಿಸಿದ್ದರು. ಮನೆಗೆ ಹಿತ್ತಿಲ ಬಾಗಿಲಿದ್ದಂತೆ! ಎಂಜಿನು ಏಳದಿದ್ದರೆ ಎಂಟು ಕಿರಿಯ ಎಂಜಿನುಗಳಿಂದಲೇ ಹೇಗಾದರೂ ವೇಗ ತಗ್ಗಿಸುವ ಯೋಜನೆಯೂ ಸಿದ್ಧವಿತ್ತು.

2014ರ ಸೆಪ್ಟೆಂಬರ್ 22ರಂದು ಪರೀಕ್ಷೆಗಾಗಿ ಅದನ್ನು ಹೊತ್ತಿಸಿದರು, ಕೇವಲ ನಾಲ್ಕು ಸೆಕೆಂಡು. ಉರಿಯಿತು.

24ರ ಬೆಳಿಗ್ಗೆ 7 ಗಂಟೆ 17 ನಿಮಿಷಕ್ಕೆ ನಿಜವಾದ ಉರಿ. ವೇಗ ತಗ್ಗದಿದ್ದರೆ ನೌಕೆ ಮಂಗಳವನ್ನು ದಾಟಿ ಹೋಗಿಬಿಡುತ್ತಿತ್ತು. ಬೆಂಗಳೂರಿನಿಂದ ಯಾರೂ ಕೈಯಾಡಿಸುವಂತಿರಲಿಲ್ಲ. ಸಂಕೇತ ಬರುವುದಕ್ಕೇ ಹನ್ನೆರಡೂವರೆ ನಿಮಿಷ. ಸಾಲದೆಂಬಂತೆ ನೌಕೆ ಮಂಗಳದ ಮರೆಗೆ ಸರಿಯಿತು. ನಿಯಂತ್ರಣ ಕೇಂದ್ರದಲ್ಲಿ ಗಡಿಯಾರವನ್ನು ನೋಡುವುದಲ್ಲದೆ ಬೇರೆ ಕೆಲಸವಿರಲಿಲ್ಲ.

ಎಂಟು ಗಂಟೆಯ ಸುಮಾರಿಗೆ ಸಂಕೇತ ಮರಳಿತು. ಎಂಜಿನು 23 ನಿಮಿಷಕ್ಕೂ ಮಿಕ್ಕಿ ಉರಿದು, ಸೆಕೆಂಡಿಗೆ 1,099 ಮೀಟರಿನಷ್ಟು ವೇಗವನ್ನು ಕಳೆದು ತಾನಾಗಿ ಆರಿತ್ತು. ಆರು ತಿಂಗಳಿಗೆಂದು ಹೋದ ಮಂಗಳಯಾನ 2022ರವರೆಗೂ ಆ ಗ್ರಹವನ್ನು ಸುತ್ತುತ್ತ ಭೂಮಿಯೊಡನೆ ಮಾತಾಡಿತು.