ಕಾರ್ಖಾನೆ ನಿಂತರೂ ತಂಡ ಉಳಿಯಬೇಕಾದರೆ: ಶಿವಮೊಗ್ಗ-ಭದ್ರಾವತಿ ಕಾಲ್ಚೆಂಡಿಗೆ ಲೀಗ್ ಏಕೆ ಬೇಕು?

ಶಿವಮೊಗ್ಗ: ಒಂದು ಊರು ತುಂಗೆಯ ದಡದಲ್ಲಿದೆ, ಇನ್ನೊಂದು ಭದ್ರೆಯ ದಡದಲ್ಲಿ. ನಡುವಿನ ಅಂತರ ಸುಮಾರು 20 ಕಿ.ಮೀ. ಒಂದು ಜಿಲ್ಲಾ ಕೇಂದ್ರ, ಕಚೇರಿ-ಕಾಲೇಜುಗಳ ನಗರ. ಇನ್ನೊಂದು ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಿಂದ ಬೆಳೆದ ಕಾರ್ಮಿಕರ ಪಟ್ಟಣ. ಕಾಲ್ಚೆಂಡಾಟದ ಪೈಪೋಟಿಗೆ ಹೇಳಿ ಮಾಡಿಸಿದಂತಹ ಜೋಡಿ ಇದು. ಆದರೆ ಪೈಪೋಟಿಗೆ ಊರುಗಳು ಹತ್ತಿರವಿದ್ದರಷ್ಟೇ ಸಾಲದು. ಅದನ್ನು ವರ್ಷದಿಂದ ವರ್ಷಕ್ಕೆ ಕೊಂಡೊಯ್ಯುವ ವ್ಯವಸ್ಥೆಯೊಂದು ಬೇಕು. ಕೆಳ ಹಂತದ ಲೀಗ್‌ಗಳು ಮಾಡುವ ಕೆಲಸ ಇದೇ.

ಟೂರ್ನಿ ಬೇರೆ, ಲೀಗ್ ಬೇರೆ

ನಮ್ಮ ಊರುಗಳಲ್ಲಿ ಜನರಿಗೆ ಹೆಚ್ಚು ಪರಿಚಿತವಾದುದು ಟೂರ್ನಿ. ಎಂಟು ತಂಡಗಳ ನಾಕೌಟ್ ಟೂರ್ನಿಯಲ್ಲಿ ನಡೆಯುವುದು ಒಟ್ಟು 7 ಪಂದ್ಯಗಳು. ಅರ್ಧದಷ್ಟು ತಂಡಗಳು ಒಂದೇ ಪಂದ್ಯವಾಡಿ ಮನೆಗೆ ಮರಳುತ್ತವೆ. ಅದೇ ಎಂಟು ತಂಡಗಳು ಲೀಗ್ ಮಾದರಿಯಲ್ಲಿ ತಮ್ಮೂರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಸೆಣಸಿದರೆ 56 ಪಂದ್ಯಗಳಾಗುತ್ತವೆ. ಪ್ರತಿ ತಂಡಕ್ಕೂ 14 ಪಂದ್ಯಗಳ ಅವಕಾಶ ಖಚಿತ. ಗೆಲುವಿಗೆ 3 ಅಂಕ, ಸಮಬಲಕ್ಕೆ 1 ಅಂಕ. ಒಂದು ದಿನದ ಅದೃಷ್ಟಕ್ಕಿಂತ ಇಡೀ ಋತುವಿನ ಶ್ರಮಕ್ಕೆ ಇಲ್ಲಿ ಬೆಲೆ.

ಲೀಗ್‌ನ ನಿಜವಾದ ಜೀವಾಳ ಬಡ್ತಿ ಮತ್ತು ಹಿಂಬಡ್ತಿ. ಮೇಲಿನ ಸ್ಥಾನದ ತಂಡ ಮುಂದಿನ ಡಿವಿಜನ್‌ಗೆ ಏರುತ್ತದೆ, ಕೊನೆಯ ಸ್ಥಾನದ ತಂಡ ಕೆಳಗಿಳಿಯುತ್ತದೆ. ಹೀಗಾಗಿ ಪಟ್ಟಿಯ ತಳದಲ್ಲಿರುವ ಎರಡು ತಂಡಗಳ ಪಂದ್ಯವೂ ನೀರಸವಾಗುವುದಿಲ್ಲ. ಎದುರಾಳಿ ಪಕ್ಕದ ಊರಿನವರೇ ಆಗಿದ್ದರಂತೂ ಕೇಳುವುದೇ ಬೇಡ.

ಏಣಿ ಇರುವುದು ಬೆಂಗಳೂರಿನಲ್ಲಿ

ರಾಜ್ಯದ ಕಾಲ್ಚೆಂಡಿಗೆ ದೊಡ್ಡ ಪರಂಪರೆಯಿದೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. ಅಂದಿನ ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು. 1968-69ರ ನಂತರ ಅದೇ ಟ್ರೋಫಿ ಮತ್ತೆ ಕರ್ನಾಟಕದ ಪಾಲಾದದ್ದು 2023ರ ಮಾರ್ಚ್‌ನಲ್ಲಿ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ 3-2 ಗೋಲುಗಳಿಂದ ಮೇಘಾಲಯವನ್ನು ಮಣಿಸಿತು.

ಆದರೆ ರಾಜ್ಯದ ಪ್ರಮುಖ ಲೀಗ್ ಏಣಿ ಬೆಂಗಳೂರು ಕೇಂದ್ರಿತ. ಸೂಪರ್ ಡಿವಿಜನ್, ಅದರ ಕೆಳಗೆ ಎ, ಬಿ, ಸಿ ಡಿವಿಜನ್‌ಗಳು. ಹೊರ ಜಿಲ್ಲೆಯ ಹೆಸರು ಹೊತ್ತ ತಂಡಗಳು ಇಲ್ಲಿ ಆಡಬಾರದೆಂದಿಲ್ಲ, ಕೊಡಗು ಎಫ್‌ಸಿ ಸೂಪರ್ ಡಿವಿಜನ್‌ನಲ್ಲಿ ಆಡಿದೆ. ಆದರೆ ಮಲೆನಾಡಿನ ಹುಡುಗರು ಪ್ರತಿ ಪಂದ್ಯಕ್ಕೂ ಸುಮಾರು 300 ಕಿ.ಮೀ. ಪ್ರಯಾಣಿಸುವುದು ಸಣ್ಣ ಮಾತಲ್ಲ. ದುಡಿಮೆ ಬಿಟ್ಟು ಹೋಗಬೇಕು, ಬಸ್ ಖರ್ಚು, ಊಟ, ವಸತಿ ಹೊಂದಿಸಬೇಕು.

ಕ್ರಿಕೆಟ್‌ನಲ್ಲಿ ಚಿತ್ರಣ ಬೇರೆ. ರಾಜ್ಯ ಕ್ರಿಕೆಟ್ ಸಂಸ್ಥೆಗೆ ಶಿವಮೊಗ್ಗ ವಲಯವೆಂಬ ಪ್ರತ್ಯೇಕ ಘಟಕವಿದೆ. ನಗರದ ನವುಲೆಯಲ್ಲಿ ಸಂಸ್ಥೆಯ ಕ್ರೀಡಾಂಗಣವಿದ್ದು, 2020ರಲ್ಲಿ ಅಲ್ಲಿ ಕರ್ನಾಟಕ ಮತ್ತು ಮಧ್ಯಪ್ರದೇಶ ನಡುವೆ ರಣಜಿ ಪಂದ್ಯ ನಡೆಯಿತು. ಜಿ.ಆರ್. ವಿಶ್ವನಾಥ್ ಜನಿಸಿದ್ದು ಭದ್ರಾವತಿಯಲ್ಲಿ ಎಂಬ ಹೆಮ್ಮೆಯೂ ಜಿಲ್ಲೆಗಿದೆ. ಪ್ರತಿಭೆ ರಾಜಧಾನಿಗೆ ಹೋಗುವ ಮುನ್ನ ಮನೆಯ ಹತ್ತಿರವೇ ಮೊದಲ ಮೆಟ್ಟಿಲು ಸಿಗುವುದು ವಲಯ ವ್ಯವಸ್ಥೆಯ ಲಾಭ.

ಕಾರ್ಖಾನೆಯ ನೆರಳು

ಇನ್ನೊಂದು ಪ್ರಶ್ನೆ ತಂಡದ ಒಡೆತನದ್ದು. ದೇಶದ ಕಾಲ್ಚೆಂಡನ್ನು ಬಹುಕಾಲ ಸಾಕಿದ್ದು ಕಾರ್ಖಾನೆಗಳು ಮತ್ತು ಸರ್ಕಾರಿ ಉದ್ದಿಮೆಗಳು. ಬೆಂಗಳೂರಿನ ಎಚ್‌ಎಎಲ್ 2010ರಲ್ಲಿ ಐ-ಲೀಗ್‌ಗೆ ಏರಿ, 2012ರಲ್ಲಿ ಹಿಂಬಡ್ತಿ ಪಡೆಯಿತು. ಪಂಜಾಬಿನ ಫಗ್ವಾರಾದ ಜವಳಿ ಗಿರಣಿಯ ಜೆಸಿಟಿ ತಂಡ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್‌ನ ಚಾಂಪಿಯನ್. 2011ರಲ್ಲಿ ಆಡಳಿತ ಮಂಡಳಿ ಆ ತಂಡವನ್ನೇ ವಿಸರ್ಜಿಸಿತು. ಆಟಗಾರರಿದ್ದರು, ಅಭಿಮಾನಿಗಳಿದ್ದರು, ತೀರ್ಮಾನ ಮಾತ್ರ ಅವರ ಕೈಯಲ್ಲಿರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಲಂಡನ್ನಿನದು. ಥೇಮ್ಸ್ ನದಿಯ ದಡದ ಕಬ್ಬಿಣ ಹಾಗೂ ಹಡಗು ಕಾರ್ಖಾನೆಯ ಕಾರ್ಮಿಕರಿಗಾಗಿ 1895ರಲ್ಲಿ ತಂಡವೊಂದು ಹುಟ್ಟಿತು. 1900ರಲ್ಲಿ ಅದು ಕಾರ್ಖಾನೆಯಿಂದ ಬೇರ್ಪಟ್ಟು ವೆಸ್ಟ್ ಹ್ಯಾಮ್ ಯುನೈಟೆಡ್ ಎಂಬ ಕ್ಲಬ್ ಆಯಿತು. 1912ರಲ್ಲಿ ಕಾರ್ಖಾನೆ ಮುಚ್ಚಿತು. ಕ್ಲಬ್ ಇಂದಿಗೂ ಆಡುತ್ತಿದೆ. ಅದರ ಲಾಂಛನದಲ್ಲಿರುವ ಎರಡು ಸುತ್ತಿಗೆಗಳು ಆ ಕಾರ್ಮಿಕರ ನೆನಪು.

ಭದ್ರಾವತಿಗೆ ಈ ಪಾಠ ಇಂದು ಹೆಚ್ಚು ಪ್ರಸ್ತುತ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮುಂದೆ ವಿಶ್ವೇಶ್ವರಯ್ಯ ಅವರ ಹೆಸರು ಪಡೆಯಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ಸ್ತಬ್ಧವಾದವು. 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರವು ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಪ್ರಕಟಿಸಿದಾಗ ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಕೆಲಸ ಹೋದ ಊರಿನಲ್ಲಿ ಯುವಕರು ಗುಳೆ ಹೋಗುತ್ತಾರೆ, ಮೈದಾನಗಳು ಬರಿದಾಗುತ್ತವೆ. ಕಾರ್ಖಾನೆಯನ್ನೇ ನಂಬಿದ ಆಟ ಅದರೊಂದಿಗೇ ಮುಗಿಯುತ್ತದೆ.

ಹತ್ತು ಭಾನುವಾರಗಳ ಲೆಕ್ಕ

ಹಾಗಾದರೆ ಜಿಲ್ಲಾ ಲೀಗ್‌ಗೆ ಬೇಕಾದದ್ದೆಷ್ಟು? ಶಿವಮೊಗ್ಗದಿಂದ ಮೂರು, ಭದ್ರಾವತಿಯಿಂದ ಮೂರು ತಂಡಗಳು ಸೇರಿದರೆ ಆರು. ಪರಸ್ಪರ ಎರಡೆರಡು ಬಾರಿ ಆಡಿದರೆ 30 ಪಂದ್ಯಗಳು. ವಾರಕ್ಕೆ ಮೂರರಂತೆ 10 ಭಾನುವಾರಗಳು ಸಾಕು. ಮಳೆಗಾಲ ಮುಗಿದ ಮೇಲೆ ನವೆಂಬರ್‌ನಲ್ಲಿ ಆರಂಭಿಸಿದರೆ ಜನವರಿಯೊಳಗೆ ಲೀಗ್ ಮುಗಿಯುತ್ತದೆ. ಎರಡು ಊರುಗಳಲ್ಲಿ ಒಂದೊಂದು ಮೈದಾನ, ತರಬೇತಾದ ರೆಫರಿಗಳು, ನೋಂದಾಯಿತ ಆಟಗಾರರ ಪಟ್ಟಿ ಹಾಗೂ ಮುಂಚಿತವಾಗಿ ಪ್ರಕಟಿಸಿದ ವೇಳಾಪಟ್ಟಿ ಇದ್ದರೆ ಆಯಿತು. ದೂರದ ಪ್ರಯಾಣವೆಂದರೆ ಒಂದು ಗಂಟೆಯೊಳಗಿನ ಬಸ್ ದಾರಿ.

ಆದರೆ ಎರಡು ಷರತ್ತುಗಳಿವೆ. ತಂಡಗಳು ಸದಸ್ಯರ ಚಂದಾ ಮೇಲೆ ನಿಲ್ಲುವ ಕ್ಲಬ್‌ಗಳಾಗಬೇಕು; ಯಾವ ಸಂಸ್ಥೆ ನೆರವು ನೀಡಿದರೂ ಹೆಸರು ಊರಿನದೋ ಬಡಾವಣೆಯದೋ ಆಗಿರಬೇಕು. ಜೊತೆಗೆ, ಗೆದ್ದ ತಂಡಕ್ಕೆ ರಾಜ್ಯ ಮಟ್ಟದ ಏಣಿಯಲ್ಲಿ ಕಾಲಿಡಲು ಜಾಗವಿರಬೇಕು. ಮೊದಲನೆಯದು ಇಲ್ಲಿನ ಆಟಗಾರರ ಕೈಯಲ್ಲಿದೆ. ಎರಡನೆಯದನ್ನು ರಾಜ್ಯ ಸಂಸ್ಥೆ ಮಾಡಿಕೊಡಬೇಕಿದೆ.