ಮಗು ಬಾಯಿ ತೆರೆದು ಮಲಗುತ್ತದೆಯೇ?



ಒಂದು ಸಂಘದ ಸಭೆಯಲ್ಲಿ ಮಕ್ಕಳ ಹಲ್ಲಿನ ಬಗ್ಗೆ ಮಾತು ಬಂತು. "ನನ್ನ ಮಗ ಎರಡು ಹೊತ್ತೂ ಹಲ್ಲುಜ್ಜುತ್ತಾನೆ ಸಿಸ್ಟರ್. ಆದ್ರೂ ಹುಳುಕು ಬಿಡ್ತಿಲ್ಲ, ಮುಂದಿನ ಹಲ್ಲೂ ಉಬ್ಬುತ್ತಿದೆ" ಎಂದರು ಒಬ್ಬ ತಾಯಿ. "ರಾತ್ರಿ ಹೇಗೆ ಮಲಗ್ತಾನೆ?" ಎಂದು ಕೇಳಿದೆ. "ಬಾಯಿ ಬಿಟ್ಕೊಂಡು ಅವರಪ್ಪನ ಹಾಗೇ ಗೊರಕೆ ಹೊಡೀತಾನೆ. ಒಳ್ಳೇ ನಿದ್ದೆ!" ಎಂದರು. ಎಲ್ಲರೂ ನಕ್ಕರು. ಆದರೆ ಮಕ್ಕಳ ಗೊರಕೆ ಒಳ್ಳೆಯ ನಿದ್ದೆಯ ಗುರುತಲ್ಲ. ಉಸಿರಿನ ದಾರಿ ಇಕ್ಕಟ್ಟಾಗಿದೆ ಎಂಬುದರ ಸೂಚನೆ ಅದು.

ಹಲ್ಲಿಗೂ ಉಸಿರಿಗೂ ಏನು ಸಂಬಂಧ?

ಮೂಗು ಗಾಳಿಯ ಧೂಳನ್ನು ಸೋಸಿ, ಬೆಚ್ಚಗೆ ಮಾಡಿ ಒಳಗೆ ಕಳಿಸುತ್ತದೆ. ಬಾಯಿಯಿಂದ ಉಸಿರಾಡಿದರೆ ಜೊಲ್ಲು ಒಣಗುತ್ತದೆ. ಹಲ್ಲನ್ನು ಹುಳುಕಿನಿಂದ ಕಾಯುವುದು ಈ ಜೊಲ್ಲೇ. ಅದು ಒಣಗಿದರೆ ಹುಳುಕು ಬೇಗ ಹಿಡಿಯುತ್ತದೆ, ಒಸಡು ಊದುತ್ತದೆ, ಬಾಯಿ ವಾಸನೆ ಬರುತ್ತದೆ.

ಬಾಯಿ ಮುಚ್ಚಿದ್ದಾಗ ನಾಲಿಗೆ ಅಂಗುಳಕ್ಕೆ ತಾಗಿರುತ್ತದೆ. ಸದಾ ತೆರೆದಿದ್ದರೆ ನಾಲಿಗೆ ಕೆಳಗೇ ಉಳಿಯುತ್ತದೆ. ಆಗ ಬೆಳೆಯುವ ಮೇಲ್ದವಡೆ ಕಿರಿದಾಗಿ, ಜಾಗ ಸಾಲದೆ ಹಲ್ಲುಗಳು ಒತ್ತೊತ್ತಾಗಿ ಬರಬಹುದು, ಮುಂದಕ್ಕೆ ಉಬ್ಬಬಹುದು.

ಕಾರಣಗಳು

ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಮೆತ್ತನೆಯ ಭಾಗವಿದೆ. ಸುಮಾರು 3ರಿಂದ 7 ವರ್ಷದ ಮಕ್ಕಳಲ್ಲಿ ಇದು ದೊಡ್ಡದಾಗಿದ್ದು ದಾರಿ ಕಟ್ಟಬಹುದು. ಊದಿದ ಟಾನ್ಸಿಲ್, ಅಲರ್ಜಿ ನೆಗಡಿಯೂ ಕಾರಣ. ಒಲೆಯ ಹೊಗೆ, ಬೀಡಿ ಹೊಗೆ, ಸೊಳ್ಳೆ ಬತ್ತಿ ಇದನ್ನು ಹೆಚ್ಚಿಸುತ್ತವೆ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬಂದರೆ ಮಣಿಯೋ ಕಾಳೋ ಸಿಕ್ಕಿಕೊಂಡಿರಬಹುದು. ನೀವೇ ತೆಗೆಯಲು ಹೋಗಬೇಡಿ.

ಯಾವಾಗ ತೋರಿಸಬೇಕು?

ನೆಗಡಿಯಾದಾಗ ನಾಲ್ಕು ದಿನ ಗೊರಕೆ ಬಂದರೆ ಹೆದರಬೇಕಿಲ್ಲ. ಆದರೆ,

• ನೆಗಡಿ ಇಲ್ಲದಾಗಲೂ ವಾರಕ್ಕೆ 3 ರಾತ್ರಿ ಅಥವಾ ಹೆಚ್ಚು ಗೊರಕೆ ಬಂದರೆ
• ನಿದ್ದೆಯಲ್ಲಿ ಉಸಿರು ನಿಂತು, ಮತ್ತೆ ಬೆಚ್ಚಿ ಎಳೆದುಕೊಂಡರೆ
• ಹಗಲಲ್ಲೂ ಬಾಯಿ ತೆರೆದೇ ಇದ್ದರೆ
• ತೂಕಡಿಕೆ, ಸಿಡುಕು, ಓದಿನಲ್ಲಿ ಗಮನವಿಲ್ಲದಿರುವುದು, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು ಜೊತೆಗಿದ್ದರೆ

ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಉಸಿರು ನಿಲ್ಲುತ್ತಿದ್ದರೆ ತಡ ಮಾಡಬೇಡಿ. ಹಲ್ಲಿನ ಡಾಕ್ಟರಿಗೂ ಗೊರಕೆಯ ವಿಷಯ ಹೇಳಿ. ಕೆಲವು ಮಕ್ಕಳಿಗೆ ಔಷಧಿ ಸಾಕು, ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಬಾಯಿಗೆ ಪಟ್ಟಿ ಅಂಟಿಸಿ ಮಲಗಿಸುವುದು ಅಪಾಯ. "ಓದಲ್ಲ, ಸೋಮಾರಿ" ಎಂದು ಮಗುವನ್ನು ಹೊಡೆಯುವ ಮೊದಲು ಅದರ ನಿದ್ದೆ ನೋಡಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ತಪಾಸಣೆಗೆ ಬರುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ, ರಾತ್ರಿ ಕಂಡದ್ದನ್ನು ಟೀಚರಿಗೆ ಮೊದಲೇ ತಿಳಿಸಿ. ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಅವರೇ ಚೀಟಿ ಬರೆದುಕೊಡುತ್ತಾರೆ.

ಆ ತಾಯಿಯ ಮಗನಿಗೆ ಅಡಿನಾಯ್ಡ್ ಆಪರೇಷನ್ ಆಯಿತು. ಗೊರಕೆ ನಿಂತಿದೆ, ಹುಳುಕು ತುಂಬಿಸಿದ್ದಾರೆ. ಉಬ್ಬಿದ ಹಲ್ಲು ಮಾತ್ರ ಹಾಗೇ ಇದೆ. ಅದಕ್ಕೆ ಮುಂದೆ ಕ್ಲಿಪ್ ಹಾಕಿಸಬೇಕು. "ಎರಡು ವರ್ಷ ಮೊದಲೇ ಗೊತ್ತಾಗಿದ್ರೆ ಸಿಸ್ಟರ್..." ಎಂದರು.

ಇಂದು ರಾತ್ರಿ ನಿಮ್ಮ ಮಗು ಮಲಗಿದ ಮೇಲೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಮುಂದಿನ ಸಭೆಯಲ್ಲಿ, ಉಳಿತಾಯ ಕಟ್ಟಿದ ಮೇಲೆ, ಕಂಡದ್ದನ್ನು ಎಲ್ಲರೂ ಹೇಳಿ.