ಗಣಕಯಂತ್ರದೊಳಗಿನ ಎರಡು ಗಡಿಯಾರಗಳು

ಗಣಕಯಂತ್ರದಲ್ಲಿ ಚಲಚ್ಚಿತ್ರವನ್ನು ನೋಡುತ್ತಿರುವಾಗ ನಟನ ತುಟಿ ಮೊದಲು ಅಲುಗಿ ಮಾತು ತರುವಾಯ ಕೇಳಿಬರುವ ಅನುಭವ ವಾಚಕರಲ್ಲಿ ಹಲವರಿಗೆ ಆಗಿರಬಹುದು. ಆರಂಭದಲ್ಲಿ ಕಾಣದಿದ್ದ ಈ ಅಂತರ ಕೊನೆಕೊನೆಗೆ ಬೆಳೆಯುವುದೂ ಉಂಟು. ಕಿವಿ ಮಂದವಾಗಿ, ತುಟಿಯ ಚಲನೆಯನ್ನು ನೋಡಿಯೇ ಮಾತನ್ನು ಗ್ರಹಿಸುವವರಿಗೆ ಇದು ಬರಿಯ ಕಿರಿಕಿರಿಯಲ್ಲ, ಅರ್ಥವೇ ಕೈತಪ್ಪುತ್ತದೆ. ಕಾರಣವನ್ನು ಅರಿಯಬೇಕಾದರೆ, ಯಂತ್ರವು ಕಾಲವನ್ನು ಎಣಿಸುವ ಬಗೆಯನ್ನು ನಾವು ತುಸು ವಿಚಾರಿಸಬೇಕು.

ಗಣಕದೊಳಗೆ ಧ್ವನಿಯೆಂಬುದು ಅಂಕಿಗಳ ಸಾಲು. ಅಲೆಯ ಎತ್ತರವನ್ನು ಸೆಕೆಂಡಿಗೆ ೪೪,೧೦೦ ಸಲವೋ ೪೮,೦೦೦ ಸಲವೋ ಅಳೆದು ಬರೆದಿಟ್ಟ ಮಾದರಿಗಳು ಅವು. ಅವನ್ನು ಅದೇ ವೇಗದಲ್ಲಿ ಹೊರಕ್ಕೆ ಬಿಡಲು ಧ್ವನಿಸಾಧನದಲ್ಲಿ ತನ್ನದೇ ಆದ ಸ್ಫಟಿಕವೊಂದು ಕಂಪಿಸುತ್ತಿರುತ್ತದೆ. ಯಂತ್ರದ ಗಡಿಯಾರಕ್ಕಾದರೋ ಸಾಮಾನ್ಯವಾಗಿ ಬೇರೊಂದು ಸ್ಫಟಿಕ. ಒಂದೇ ಮನೆಯ ಎರಡು ಗೋಡೆ ಗಡಿಯಾರಗಳಂತೆ ಇವೂ ಪೂರ್ತಿ ಒಮ್ಮತದಿಂದ ನಡೆಯಲಾರವು. ಪ್ರತಿಯೊಂದು ಚಿತ್ರಕ್ಕೂ ಅದನ್ನು ತೋರಿಸಬೇಕಾದ ಹೊತ್ತನ್ನು ಸೂಚಿಸುವ ಕಾಲಮುದ್ರೆ ಇರುತ್ತದಷ್ಟೆ. ಚಿತ್ರವನ್ನು ಒಂದು ಗಡಿಯಾರದಂತೆಯೂ ಧ್ವನಿಯನ್ನು ಮತ್ತೊಂದರಂತೆಯೂ ನಡೆಸಿದರೆ, ಹತ್ತು ಲಕ್ಷದಲ್ಲಿ ೧೦೦ ಪಾಲಿನ ವ್ಯತ್ಯಾಸವಿದ್ದರೂ ಗಂಟೆಗೆ ೦.೩೬ ಸೆಕೆಂಡು, ಎರಡೂವರೆ ಗಂಟೆಯ ಚಿತ್ರ ಮುಗಿಯುವಷ್ಟರಲ್ಲಿ ೦.೯ ಸೆಕೆಂಡು ಅಂತರ ಬೀಳುತ್ತದೆ. ಧ್ವನಿಯು ಸುಮಾರು ೪೫ ಮಿಲಿಸೆಕೆಂಡು ಮುಂದಾದರೆ ಅಥವಾ ೧೨೫ ಮಿಲಿಸೆಕೆಂಡು ಹಿಂದಾದರೆ ನೋಡುವವರಿಗೆ ಗೊತ್ತಾಗುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ೧೯೯೮ರ ಶಿಫಾರಸು ಹೇಳುತ್ತದೆ. (ಹಿಂದಾದುದನ್ನು ನಾವು ಹೆಚ್ಚು ಸಹಿಸುವುದು ಸಹಜವೇ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವಾಗ ಪೆಟ್ಟು ಕಂಡ ಮೇಲಲ್ಲವೆ ಸದ್ದು ಕೇಳುವುದು?)

ಇನ್ನೊಂದು ದೋಷ ಸ್ಫಟಿಕದ್ದಲ್ಲ, ಲೆಕ್ಕ ಹಾಕಿದವರದು. ನುಡಿಸುವ ತಂತ್ರಾಂಶವು ಮಾದರಿಗಳನ್ನು ಕಂತುಕಂತಾಗಿ ಸಾಧನಕ್ಕೆ ಒಪ್ಪಿಸುತ್ತದೆ. ೧,೦೨೪ ಮಾದರಿಗಳ ಕಂತೊಂದು ೪೪,೧೦೦ರ ವೇಗದಲ್ಲಿ ೨೩.೨೨ ಮಿಲಿಸೆಕೆಂಡು ನುಡಿಯುತ್ತದೆ. ಚಿಲ್ಲರೆಯನ್ನು ಬಿಟ್ಟು ೨೩ ಎಂದೇ ಕೂಡಿಸುತ್ತ ಹೋದರೆ, ಸೆಕೆಂಡಿಗೆ ಸುಮಾರು ೪೩ ಕಂತುಗಳಾದ್ದರಿಂದ, ನಾಲ್ಕು ನಿಮಿಷದ ಹಾಡಿನ ಕೊನೆಗೆ ಲೆಕ್ಕವು ೨ ಸೆಕೆಂಡಿಗೂ ಹೆಚ್ಚು ಹಿಂದೆ ಬಿದ್ದಿರುತ್ತದೆ. ಹಾಡು ಮುಂದಿನ ಸಾಲಿಗೆ ಹೋದರೂ ತೆರೆಯ ಮೇಲಿನ ಸಾಹಿತ್ಯ ಹಿಂದಿನ ಸಾಲಿನಲ್ಲೇ ನಿಂತಿರುತ್ತದೆ. ಮಾದರಿಗಳ ಎಣಿಕೆಯನ್ನೇ ಪೂರ್ಣಾಂಕವಾಗಿ ಇಟ್ಟುಕೊಂಡು, ಬೇಕಾದಾಗ ಮಾತ್ರ ೪೪,೧೦೦ರಿಂದ ಭಾಗಿಸಿದರೆ ಈ ದೋಷ ಬೆಳೆಯುವುದೇ ಇಲ್ಲ.

ದಿನದ ಹೊತ್ತನ್ನು ತೋರಿಸುವ ಗಡಿಯಾರವನ್ನು ನಂಬುವುದಂತೂ ಅಪಾಯಕರ. ಅಂತರ್ಜಾಲದ ಸಮಯಕ್ಕೆ ಹೊಂದಿಸಿಕೊಳ್ಳುವಾಗ ಅದು ಥಟ್ಟನೆ ಹಿಂದಕ್ಕೋ ಮುಂದಕ್ಕೋ ಜಿಗಿಯಬಹುದು. ಆದಕಾರಣ ಎಂದೂ ಹಿಂದೆ ಸರಿಯದ ಏಕಮುಖ ಗಡಿಯಾರವೊಂದನ್ನು ಬಳಸುತ್ತಾರೆ.

ಹಾಗಿದ್ದರೂ ಎರಡು ಸ್ಫಟಿಕಗಳ ಜಗಳ ತೀರಲಿಲ್ಲ. ಅದನ್ನು ತೀರಿಸಲು, ಈಗ ಎಷ್ಟನೆಯ ಮಾದರಿ ಹೊರಬೀಳುತ್ತಿದೆಯೆಂದು ಧ್ವನಿಸಾಧನವನ್ನು ಆಗಾಗ ಕೇಳಿ, ಆ ಸಂಖ್ಯೆಯನ್ನೂ ಆ ಕ್ಷಣದ ಏಕಮುಖ ಕಾಲವನ್ನೂ ಜೋಡಿಯಾಗಿ ಪಡೆಯಬೇಕು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಇದಕ್ಕೆ ಏರ್ಪಾಡುಂಟು. ಇಂತಹ ಎರಡು ಜೋಡಿಗಳು ದೊರೆತರೆ ಸಾಧನದ ನಿಜವಾದ ವೇಗ ತಿಳಿಯುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ತಂತ್ರಾಂಶ ಒಪ್ಪಿಸಿದ ಮಾದರಿಯಲ್ಲ, ಕೇಳಿಬರುತ್ತಿರುವ ಮಾದರಿ. ಇವೆರಡರ ನಡುವೆ ಹಲವು ಕಂತುಗಳು ಸರದಿ ಕಾಯುತ್ತಿರುತ್ತವೆ. ತಂತಿಯಿಲ್ಲದ ಹೆಡ್‌ಫೋನಿನಲ್ಲಿ ಈ ಕಾಯುವಿಕೆ ಇನ್ನೂ ದೀರ್ಘ.

ಇನ್ನು ಯಾವುದು ಯಾವುದನ್ನು ಹಿಂಬಾಲಿಸಬೇಕು? ಚಿತ್ರವೇ ಧ್ವನಿಯನ್ನು ಹಿಂಬಾಲಿಸುವುದು ಲೇಸೆಂದು ನಮಗೆ ತೋರುತ್ತದೆ. ಸೆಕೆಂಡಿನ ೨೪ ಚಿತ್ರಗಳಲ್ಲಿ ಒಂದನ್ನು ಬಿಟ್ಟರೂ ಎರಡು ಸಲ ತೋರಿಸಿದರೂ ಕಣ್ಣು ಬಹುಮಟ್ಟಿಗೆ ಮನ್ನಿಸುತ್ತದೆ. ಧ್ವನಿಯ ಕೆಲವು ಮಾದರಿಗಳನ್ನು ಕಿತ್ತರೆ ಕಿವಿಗೆ ಟಿಕ್ಕೆಂಬ ಸದ್ದು ಬಡಿಯುತ್ತದೆ. ಬೇರೆಬೇರೆ ಸಾಧನಗಳಿಗೆ ಸೇರಿದ ಎರಡು ಧ್ವನಿವರ್ಧಕಗಳು ಒಂದೇ ಹಾಡನ್ನು ನುಡಿಯಬೇಕಾದಾಗ ಮಾತ್ರ ಈ ಉಪಾಯ ನಡೆಯದು. ಆಗ ಒಂದರ ಮಾದರಿಗಳ ಸಾಲನ್ನು ಕಿವಿಗೆ ತಿಳಿಯದಷ್ಟು ನವಿರಾಗಿ ಹಿಗ್ಗಿಸಿ ಇಲ್ಲವೆ ಕುಗ್ಗಿಸಿ, ಮತ್ತೊಂದರ ನಡಿಗೆಗೆ ಹೊಂದಿಸುತ್ತಾರೆ.